ಈಯುವ ಎಮ್ಮೆಗೆ ಯಾವ ಶಕ್ತಿಪೂರಕ? ಕಾಳು, ಗ್ಲೈಕಾಲ್, ಬೈಪಾಸ್ ಫ್ಯಾಟ್ ನಡುವಿನ ಆಯ್ಕೆ

ಎಮ್ಮೆ ಈದು ಮೂರು ತಿಂಗಳಾಯಿತು, ಬೆದೆಗೆ ಬಂದಿಲ್ಲ. ಬೈಪಾಸ್ ಫ್ಯಾಟ್ (ದೊಡ್ಡ ಹೊಟ್ಟೆಯಲ್ಲಿ ಒಡೆಯದೆ ದಾಟಿ ಮುಂದೆ ಕರುಳಿನಲ್ಲಿ ಜೀರ್ಣವಾಗುವ ಕೊಬ್ಬಿನ ಪುಡಿ) ಹಾಕಲೋ, ಬಾಟಲಿಯಲ್ಲಿ ಬರುವ ಎನರ್ಜಿ ದ್ರಾವಣ (ಗ್ಲೈಕಾಲ್) ಕುಡಿಸಲೋ, ದಿನಕ್ಕೆ ಇನ್ನೊಂದು ಕಿಲೋ ದಾಣಿ ಹೆಚ್ಚಿಸಲೋ? ಎಮ್ಮೆ ಸಾಕುವವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಹೀಗಿರುತ್ತದೆ. ಮೂರೂ ಶಕ್ತಿ ಕೊಡುವ ಪದಾರ್ಥಗಳೇ. ಆದರೆ ಒಂದು ಕೆಲಸ ಮಾಡುವ ವಾರದಲ್ಲಿ ಇನ್ನೊಂದು ದಂಡ. ಆದ್ದರಿಂದ ಯಾವುದು ಒಳ್ಳೆಯದು ಎನ್ನುವುದಕ್ಕಿಂತ ಮೊದಲು, ಎಮ್ಮೆ ಈದು ಎಷ್ಟು ದಿನವಾಯಿತು, ಮೈ ಹೇಗಿದೆ ಎಂದು ಕೇಳಿಕೊಳ್ಳಬೇಕು.

ಕೊರತೆ ಬೀಳುವುದು ಎಲ್ಲಿ

ತುಂಬು ಗಬ್ಬದ ಕೊನೆಯ ದಿನಗಳಲ್ಲಿ ಎಮ್ಮೆ ಮೇಯುವುದು ಕಡಿಮೆಯಾಗುತ್ತದೆ. ಈಯುವ ಹಿಂದುಮುಂದಿನ ಕೆಲವು ದಿನ ಮೇವು ಮೂರನೇ ಒಂದು ಭಾಗದಷ್ಟು ಇಳಿಯುವುದೂ ಉಂಟು. ಈದ ಮೇಲೆ ಹಾಲು 6ರಿಂದ 8ನೇ ವಾರಕ್ಕೆ ಗರಿಷ್ಠ ಮಟ್ಟಕ್ಕೆ ಏರುತ್ತದೆ, ಹಸಿವು ಮಾತ್ರ 10–12ನೇ ವಾರದವರೆಗೂ ಪೂರ್ತಿ ತೆರೆದುಕೊಳ್ಳುವುದಿಲ್ಲ. ನಡುವಿನ ಬಾಕಿಯನ್ನು ಎಮ್ಮೆ ತನ್ನ ಮೈಯ ಕೊಬ್ಬು ಕರಗಿಸಿ ತೀರಿಸುತ್ತದೆ. ಎಮ್ಮೆ ಹಾಲು ಗಟ್ಟಿ. 7% ಕೊಬ್ಬಿರುವ ಒಂದು ಲೀಟರಿಗೆ 4% ಕೊಬ್ಬಿನ ಹಾಲಿಗಿಂತ ಮೂರನೇ ಒಂದರಷ್ಟಾದರೂ ಹೆಚ್ಚು ಶಕ್ತಿ ಖರ್ಚಾಗುತ್ತದೆ. ‘ಎಂಟೇ ಲೀಟರ್ ಕೊಡುತ್ತೆ, ಅದಕ್ಕೇನು ಕೊರತೆ’ ಎನ್ನುವವರು ಈ ಲೆಕ್ಕ ಬಿಟ್ಟಿರುತ್ತಾರೆ.

ಇದರ ಒಳಗೆ ಇನ್ನೊಂದು ಕೊರತೆ ಇದೆ, ಗ್ಲೂಕೋಸಿನದು. ಹಾಲಿನ ಸಕ್ಕರೆ ತಯಾರಾಗಲು ಒಂದು ಲೀಟರಿಗೆ ಹೆಚ್ಚುಕಡಿಮೆ 70 ಗ್ರಾಂ ಗ್ಲೂಕೋಸ್ ಬೇಕು. ಮೆಲುಕು ಹಾಕುವ ಪ್ರಾಣಿ ತಿಂದ ಪಿಷ್ಟವನ್ನು ದೊಡ್ಡ ಹೊಟ್ಟೆಯ ಸೂಕ್ಷ್ಮಜೀವಿಗಳು ಮೊದಲೇ ಹುದುಗಿಸಿಬಿಡುವುದರಿಂದ, ಕರುಳಿನಿಂದ ನೇರವಾಗಿ ಸಿಗುವ ಗ್ಲೂಕೋಸ್ ತೀರಾ ಸ್ವಲ್ಪ. ಆ ಹುದುಗುವಿಕೆಯಲ್ಲಿ ಹುಟ್ಟುವ ಪ್ರೊಪಿಯೋನೇಟ್ ಎಂಬ ಆಮ್ಲದಿಂದ ಲಿವರ್ ತಾನೇ ಗ್ಲೂಕೋಸ್ ತಯಾರಿಸಿಕೊಳ್ಳಬೇಕು. ಮೇವು ಕಡಿಮೆಯಾದರೆ ಪ್ರೊಪಿಯೋನೇಟ್ ಕಡಿಮೆ, ಗ್ಲೂಕೋಸೂ ಕಡಿಮೆ. ಕರಗಿ ಬಂದ ಕೊಬ್ಬನ್ನು ಪೂರ್ತಿ ಉರಿಸಲಾಗದೆ ಲಿವರ್ ಕೀಟೋನುಗಳನ್ನು ಹೊರಬಿಡುತ್ತದೆ, ಉಳಿದ ಕೊಬ್ಬು ಲಿವರಿನಲ್ಲೇ ಕೂರುತ್ತದೆ.

ಬೆದೆಗೆ ಇದರ ನಂಟು ನೇರ. ರಕ್ತದಲ್ಲಿ ಗ್ಲೂಕೋಸ್ ಮತ್ತು ಇನ್ಸುಲಿನ್ ಇಳಿದಾಗ, ಅಂಡವನ್ನು ಬಲಿಸಿ ಬಿಡಿಸುವ ಎಲ್‌ಎಚ್ ಹಾರ್ಮೋನಿನ ಮಿಡಿತ ನಿಧಾನವಾಗುತ್ತದೆ. ಅಂಡಾಶಯದೊಳಗಿನ ಕೋಶಿಕೆ ಚಿಕ್ಕದರಿಂದ ಬಲಿತು ಒಡೆಯಲು ಎರಡು ಮೂರು ತಿಂಗಳು ಹಿಡಿಯುತ್ತದೆ. ಅಂದರೆ ಈದ 80ನೇ ದಿನ ನೀವು ಗರ್ಭಧಾರಣೆ ಮಾಡಿಸುವ ಅಂಡ, ಎಮ್ಮೆ ಈಯುವ ಆಸುಪಾಸಿನ ಕಷ್ಟದ ದಿನಗಳಲ್ಲೇ ಬೆಳೆಯಲು ಶುರುವಾದದ್ದು. ಮೂರು ತಿಂಗಳಾದ ಮೇಲೆ ಡಬ್ಬ ಕೊಳ್ಳಲು ಹೊರಡುವವರು ತಡವಾಗಿ ಹೊರಟಿದ್ದಾರೆ ಎನ್ನುವುದು ಇದಕ್ಕೇ.

ಯಾವ ಅಳತೆಗೋಲಿನಲ್ಲಿ ತೂಗಬೇಕು

ಮೊದಲನೆಯದು, ಪೂರಕ ಬೇಕೇ ಎನ್ನುವುದೇ. ಅದನ್ನು ಹೇಳುವುದು ಎಮ್ಮೆಯ ಮೈ. ಬಾಲದ ಬುಡದ ಎರಡೂ ಬದಿಯ ಗುಳಿಗೆ ಬೆರಳಿಡಿ, ಸೊಂಟದ ಮೂಳೆಯ ತುದಿ ಮುಟ್ಟಿ, ಕೊನೆಯ ಪಕ್ಕೆಲುಬಿನ ಹಿಂದೆ ಬೆನ್ನಿನಿಂದ ಹೊರಚಾಚಿದ ಗಿಡ್ಡ ಮೂಳೆಗಳ ಅಂಚನ್ನು ಅಂಗೈಯಿಂದ ಒತ್ತಿ ನೋಡಿ. ಮೂಳೆಯ ತುದಿ ಚೂಪಾಗಿ ಕೈಗೆ ಚುಚ್ಚಿದರೆ ಮೈಗೆ 5ರಲ್ಲಿ 2 ಅಂಕದ ಆಸುಪಾಸು. ಒತ್ತಿದಾಗ ಮಾತ್ರ ಮೂಳೆ ಸಿಕ್ಕಿ, ಮೇಲೆ ತೆಳು ಮೆತ್ತೆ ಇದ್ದರೆ 3. ಒತ್ತಿದರೂ ಮೂಳೆ ಸಿಗದೆ, ಬಾಲದ ಬುಡದಲ್ಲಿ ಕೊಬ್ಬು ಮಡಿಕೆಯಾಗಿ ಕೂತಿದ್ದರೆ 4 ದಾಟಿದೆ. 5ರ ಈ ಅಳತೆಯಲ್ಲಿ ಈಯುವ ಹೊತ್ತಿಗೆ 3ರಿಂದ 3.5 ಇರಬೇಕು. ಈದ ಮೇಲೆ ಅರ್ಧ ಅಂಕ ಇಳಿದರೆ ಸಹಜ, ಒಂದು ಅಂಕ ದಾಟಿ ಇಳಿದರೆ ಬೆದೆ ಹಿಂದೆ ಬೀಳುತ್ತದೆ. ಎಮ್ಮೆಯ ಕಪ್ಪು ಚರ್ಮ ಕಣ್ಣಿಗೆ ಮೋಸ ಮಾಡುತ್ತದೆ, ಹಾಗಾಗಿ ಕೈಯನ್ನೇ ನಂಬಿ.

ಎರಡನೆಯದು, ಪೂರಕ ಕೊಡುವುದು ಗ್ಲೂಕೋಸನ್ನೋ, ಬರಿ ಕ್ಯಾಲೊರಿಯನ್ನೋ. ಮೂರನೆಯದು, ಕೊಡುವ ರೀತಿ. ಗೋದಲಿಗೆ ಹಾಕಿದರೆ ತಿನ್ನುತ್ತದೆಯೇ, ದಿನವೂ ತಲೆ ಹಿಡಿದು ಕುಡಿಸಬೇಕೇ, ಅದಕ್ಕೆ ಆಳು ಇದ್ದಾರೆಯೇ. ನಾಲ್ಕನೆಯದು, ಪ್ರಮಾಣ ತಪ್ಪಿದರೆ ಏನಾಗುತ್ತದೆ. ಖರ್ಚನ್ನು ಕೊನೆಗೆ ಇಟ್ಟಿದ್ದೇನೆ. ಡಬ್ಬದ ಬೆಲೆ ನೋಡಬೇಡಿ. ದಿನದ ಪ್ರಮಾಣಕ್ಕೆ ಎಷ್ಟು, ಅದನ್ನು ಎಷ್ಟು ದಿನ ಕೊಡಬೇಕು ಎಂದು ಗುಣಿಸಿ ನೋಡಿ. ಹತ್ತು ದಿನ ಕೊಡುವ ದುಬಾರಿ ದ್ರಾವಣ, ಮೂರು ತಿಂಗಳು ಕೊಡುವ ಅಗ್ಗದ ಪುಡಿಗಿಂತ ಕಡಿಮೆಗೆ ಬೀಳಬಹುದು.

ಕಾಳು ಮತ್ತು ದಾಣಿ

ಉಳಿದ ಯಾವುದೂ ಇದರ ಜಾಗ ತುಂಬುವುದಿಲ್ಲ. ಮೆಕ್ಕೆಜೋಳದ ನುಚ್ಚು, ಒಳ್ಳೆಯ ದಾಣಿ ಮಿಶ್ರಣ, ಜೊತೆಗೆ ಹಸಿ ಮೇವು, ಇವೇ ಪ್ರೊಪಿಯೋನೇಟಿನ ಮೂಲ. ಖರ್ಚಿಗೆ ಹೋಲಿಸಿದರೆ ಸಿಗುವ ಶಕ್ತಿಯೂ ಸಾಮಾನ್ಯವಾಗಿ ಇದರಲ್ಲೇ ಹೆಚ್ಚು. ಎಮ್ಮೆಗೆ ಮೈ ಕಾಯ್ದುಕೊಳ್ಳಲು ಒಂದೂವರೆ ಎರಡು ಕಿಲೋ, ಅದರ ಮೇಲೆ ಪ್ರತಿ ಎರಡು ಲೀಟರ್ ಹಾಲಿಗೆ ಒಂದು ಕಿಲೋ ದಾಣಿ ಎನ್ನುವುದು ರೂಢಿಯ ಲೆಕ್ಕ. ಹಸಿ ಮೇವು ಚೆನ್ನಾಗಿದ್ದರೆ ಇದಕ್ಕಿಂತ ಕಡಿಮೆಯೂ ಸಾಕು.

ಇದರ ತೊಂದರೆ ಇರುವುದು ವೇಗದಲ್ಲಿ. ಈದ ಸಂತೋಷಕ್ಕೆ ಮೂರನೇ ದಿನವೇ ಐದಾರು ಕಿಲೋ ಸುರಿದರೆ ದೊಡ್ಡ ಹೊಟ್ಟೆ ಹುಳಿಯಾಗುತ್ತದೆ. ಸಗಣಿ ತೆಳ್ಳಗಾಗಿ ನೊರೆ ಬರುತ್ತದೆ, ಮೆಲುಕು ನಿಲ್ಲುತ್ತದೆ, ಹಾಲಿನ ಕೊಬ್ಬು ಬೀಳುತ್ತದೆ, ಮೇವು ಬಿಟ್ಟ ಎಮ್ಮೆ ಇನ್ನಷ್ಟು ಕೊರತೆಗೆ ಜಾರುತ್ತದೆ. ಅದಕ್ಕೆ ಈಯುವ ಎರಡು ಮೂರು ವಾರ ಮುಂಚೆಯೇ ಅರ್ಧ ಕಿಲೋದಿಂದ ಶುರು ಮಾಡಿ, ಈಯುವ ಹೊತ್ತಿಗೆ ಎರಡೂವರೆ ಮೂರು ಕಿಲೋಗೆ ತಂದು ನಿಲ್ಲಿಸಿ. ಈದ ಮೇಲೆ ಎರಡು ಮೂರು ದಿನಕ್ಕೊಮ್ಮೆ ಅರ್ಧ ಕಿಲೋ ಏರಿಸಿ. ಹೊಟ್ಟೆಯ ಸೂಕ್ಷ್ಮಜೀವಿಗಳಿಗೆ ಒಗ್ಗಿಕೊಳ್ಳಲು ಅಷ್ಟು ಸಮಯ ಬೇಕು. ದಿನದ ಪಾಲನ್ನು ಮೂರು ಹೊತ್ತಿಗೆ ಹಂಚಿ, ಮುಂಚೆ ಸ್ವಲ್ಪ ಒಣ ಮೇವು ತಿನ್ನಿಸಿ. ಕಾಳನ್ನು ಹಿಟ್ಟು ಮಾಡಬೇಡಿ, ನುಚ್ಚು ಮಾಡಿ. ಮೆಕ್ಕೆಜೋಳದ ಪಿಷ್ಟ ನಿಧಾನಕ್ಕೆ ಹುದುಗುತ್ತದೆ. ಗೋಧಿ ಮತ್ತು ಬಾರ್ಲಿ ಬೇಗ ಹುದುಗುತ್ತವೆ, ಆದ್ದರಿಂದ ಅವುಗಳಲ್ಲಿ ಕೈ ಹಿಡಿತವಿರಲಿ. ಕಾಕಂಬಿ ರುಚಿಗೆ ಒಳ್ಳೆಯದು, ದಿನಕ್ಕೆ ಕಾಲು ಅರ್ಧ ಕಿಲೋ ಸೇರಿಸಿದರೆ ಒಣ ಮೇವನ್ನೂ ಚೆನ್ನಾಗಿ ತಿನ್ನುತ್ತವೆ. ಅದನ್ನೇ ಪೂರಕ ಎಂದು ನೆಚ್ಚಿಕೊಳ್ಳಲಾಗದು.

ಹಾಲು ಬತ್ತಿಸಿದ ಮೊದಲ ತಿಂಗಳಿಂದಲೇ ಕಾಳು ಕೊಟ್ಟು ಎಮ್ಮೆಯನ್ನು ಕೊಬ್ಬಿಸುವ ಅಭ್ಯಾಸ ಹಲವರಿಗಿದೆ. ಅಂಥ ಎಮ್ಮೆಗೆ ಈಯುವ ಹೊತ್ತಿನಲ್ಲಿ ಹಸಿವು ಹೆಚ್ಚು ಕುಸಿಯುತ್ತದೆ, ಕೊಬ್ಬೂ ಹೆಚ್ಚು ಕರಗುತ್ತದೆ. ಮೈ ತುಂಬಿಸಬೇಕಿದ್ದರೆ ಅದು ಹಾಲು ಕೊಡುತ್ತಿರುವಾಗಲೇ, ಕೊನೆಯ ತಿಂಗಳುಗಳಲ್ಲಿ ಆಗಬೇಕು.

ಪ್ರೊಪಿಲೀನ್ ಗ್ಲೈಕಾಲ್

ಇದು ಗ್ಲೂಕೋಸಿನ ಪೂರಕ. ಬಹುಪಾಲು ಹೊಟ್ಟೆಯಿಂದ ನೇರ ರಕ್ತಕ್ಕೆ ಹೋಗಿ ಲಿವರಿನಲ್ಲಿ ಗ್ಲೂಕೋಸ್ ಆಗುತ್ತದೆ, ಒಂದು ಭಾಗ ಹೊಟ್ಟೆಯಲ್ಲೇ ಪ್ರೊಪಿಯೋನೇಟ್ ಆಗುತ್ತದೆ. ಕುಡಿಸಿದ ಸ್ವಲ್ಪ ಹೊತ್ತಿಗೆ ಇನ್ಸುಲಿನ್ ಏರುತ್ತದೆ, ಕೊಬ್ಬು ಕರಗುವುದು ತಗ್ಗುತ್ತದೆ. ಕ್ಯಾಲೊರಿ ಲೆಕ್ಕದಲ್ಲಿ ಇದು ಅಂಥ ದೊಡ್ಡ ಸಂಗತಿಯಲ್ಲ, 300 ಮಿಲಿ ಎಂದರೆ ಹೆಚ್ಚುಕಡಿಮೆ ಅರ್ಧ ಕಿಲೋ ಮೆಕ್ಕೆಜೋಳದಷ್ಟು, ಅಷ್ಟೆ. ಕೊಬ್ಬು ಕರಗಿಸುವುದನ್ನು ನಿಲ್ಲಿಸು ಎಂದು ಮೈಗೆ ಸೂಚನೆ ಕೊಡುವುದೇ ಇದರ ಮುಖ್ಯ ಕೆಲಸ.

ಹಾಗಾಗಿ ಇದಕ್ಕೆ ಬೆಲೆ ಇರುವುದು ಈಯುವ ಆಸುಪಾಸಿನಲ್ಲಿ ಮಾತ್ರ: ಈದ ದಿನದಿಂದ ಹತ್ತು ದಿನ, ದಿನಕ್ಕೆ 250–300 ಮಿಲಿ, ಒಂದೇ ಸಲಕ್ಕೆ. ಕೀಟೋಸಿಸ್ (ರಕ್ತದಲ್ಲಿ ಕೀಟೋನು ಮಿತಿಮೀರುವ ಕಾಯಿಲೆ) ಇರುವ ಎಮ್ಮೆಗೂ ಇದೇ ಮೊದಲ ಆಯ್ಕೆ. ಲಕ್ಷಣ ಗುರುತಿಸುವುದು ಕಷ್ಟವಲ್ಲ: ದಾಣಿ ಮೂಸಿ ಬಿಟ್ಟು ಹುಲ್ಲು ಮಾತ್ರ ತಿನ್ನುತ್ತದೆ, ಹಾಲು ಇಳಿಯುತ್ತದೆ, ಉಸಿರಿನಲ್ಲಿ ಉಗುರುಬಣ್ಣ ಅಳಿಸುವ ದ್ರಾವಣದಂಥ ವಾಸನೆ. ಮೂತ್ರಕ್ಕೆ ಅದ್ದಿ ನೋಡುವ ಕೀಟೋನ್ ಪಟ್ಟಿ ಇದನ್ನು ಖಚಿತಪಡಿಸುತ್ತದೆ. ಈದ ಎರಡನೇ ತಿಂಗಳಲ್ಲಿ, ಹೊಟ್ಟೆ ತುಂಬ ತಿನ್ನುತ್ತಿರುವ ಎಮ್ಮೆಗೆ ಗ್ಲೈಕಾಲ್ ಕುಡಿಸುವುದು ದುಡ್ಡು ಚೆಲ್ಲಿದಂತೆ. ಫಲವಂತಿಕೆಯ ವಿಷಯದಲ್ಲೂ ಭರವಸೆ ಮಿತಿಯಲ್ಲಿರಲಿ: ಬೆದೆ ಬೇಗ ಬರಲು ನೆರವಾಗಬಹುದು, ಗಬ್ಬ ನಿಲ್ಲುತ್ತದೆ ಎನ್ನುವ ಖಾತ್ರಿ ಇಲ್ಲ. ಪ್ರಯೋಗಗಳ ಫಲಿತಾಂಶವೂ ಒಂದೇ ತೆರನಾಗಿಲ್ಲ.

ಇದರ ರುಚಿ ಎಮ್ಮೆಗೆ ಆಗದು, ದಾಣಿಗೆ ಬೆರೆಸಿದರೆ ದಾಣಿಯನ್ನೂ ಬಿಡುತ್ತದೆ. ತಿಂದರೂ ದಿನವಿಡೀ ಸ್ವಲ್ಪಸ್ವಲ್ಪವಾಗಿ ಒಳಹೋಗುವುದರಿಂದ ಇನ್ಸುಲಿನ್ ಏರುವ ಪರಿಣಾಮ ಮಂಕಾಗುತ್ತದೆ. ಗೊಟ್ಟದಲ್ಲೋ ಡ್ರೆಂಚಿಂಗ್ ಬಾಟಲಿಯಲ್ಲೋ ಕುಡಿಸುವುದೇ ಸರಿ. ಹಾಗೆ ಕುಡಿಸುವಾಗ ಮೂತಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗಬಾರದು. ಬಾಯಿಯ ಪಕ್ಕದಲ್ಲಿ, ಹಲ್ಲಿಲ್ಲದ ಸಂದಿನಿಂದ ತುದಿ ತೂರಿಸಿ ಒಂದೊಂದೇ ಗುಟುಕು ಬಿಡಿ, ನುಂಗಿದ್ದು ಗಂಟಲಲ್ಲಿ ಕಾಣಿಸಿದ ಮೇಲೆ ಮುಂದಿನದು. ನಾಲಿಗೆ ಎಳೆದು ಹಿಡಿಯಬೇಡಿ. ಕೆಮ್ಮಿದರೆ ತಕ್ಷಣ ತಲೆ ಬಿಡಿ, ದ್ರವ ಶ್ವಾಸಕೋಶಕ್ಕೆ ಹೋದರೆ ನ್ಯುಮೋನಿಯಾ. ಹಾಲು ಜ್ವರದಿಂದ (ಈದಾಗ ರಕ್ತದ ಕ್ಯಾಲ್ಸಿಯಂ ಕುಸಿಯುವ ಕಾಯಿಲೆ) ಮಲಗಿರುವ, ನುಂಗಲು ಆಗದ ಎಮ್ಮೆಗೆ ಬಾಯಿಂದ ಏನನ್ನೂ ಹುಯ್ಯಬಾರದು.

ಹೆಚ್ಚು ಕೊಟ್ಟರೆ ಎಮ್ಮೆ ಮಂಕಾಗುತ್ತದೆ, ತೂರಾಡುತ್ತದೆ, ಮೇವು ಬಿಡುತ್ತದೆ. ಇನ್ನೊಂದು ಎಚ್ಚರ: ವಾಹನದ ಕೂಲಂಟಿನಲ್ಲಿ ಬಳಸುವ ಎಥಿಲೀನ್ ಗ್ಲೈಕಾಲ್ ವಿಷ. ಪಶುಗಳಿಗೆಂದೇ ತಯಾರಾದ ದರ್ಜೆಯದನ್ನು ಮಾತ್ರ ಕೊಳ್ಳಿ. ಬಣ್ಣಬಣ್ಣದ ‘ಎನರ್ಜಿ’ ಬಾಟಲಿಗಳ ಲೇಬಲ್ ತಿರುಗಿಸಿ, ಒಂದು ಡೋಸಿನಲ್ಲಿ ಗ್ಲೈಕಾಲ್ ಎಷ್ಟು ಗ್ರಾಂ ಎಂದು ಓದಿ. ಹತ್ತಾರು ವಿಟಮಿನ್ ಹೆಸರುಗಳ ನಡುವೆ ಅದು 30 ಗ್ರಾಂ ಇದ್ದರೆ, 300ರ ಕೆಲಸ ಅದರಿಂದ ಆಗದು.

ಗ್ಲಿಸರಿನ್, ಕ್ಯಾಲ್ಸಿಯಂ ಪ್ರೊಪಿಯೋನೇಟ್

ಗ್ಲಿಸರಿನ್ ಸಿಹಿ, ದಾಣಿಗೆ ಬೆರೆಸಿದರೆ ಎಮ್ಮೆ ನೆಕ್ಕಿ ತಿನ್ನುತ್ತದೆ, ತಲೆ ಹಿಡಿಯುವ ಗೋಜಿಲ್ಲ. ಆದರೆ ಹಾಗೆ ತಿಂದಾಗ ಹೊಟ್ಟೆಯ ಸೂಕ್ಷ್ಮಜೀವಿಗಳು ಅದರಲ್ಲಿ ಒಂದು ಪಾಲನ್ನು ಬ್ಯುಟಿರೇಟ್ ಮಾಡುತ್ತವೆ, ಅದು ಕೀಟೋನಿನ ಕಡೆಗೇ ಹೋಗುವ ವಸ್ತು. ಕುಡಿಸಿದರೆ ಪರಿಣಾಮ ಚೆನ್ನ, ಆದರೆ ಗ್ಲೈಕಾಲಿಗಿಂತ ಹೆಚ್ಚು ಪ್ರಮಾಣ ಬೇಕು. ಜೈವಿಕ ಡೀಸೆಲ್ ಘಟಕಗಳಿಂದ ಬರುವ ಕಚ್ಚಾ ಗ್ಲಿಸರಿನ್ ಅಗ್ಗ ಎಂದು ಬಳಸುವ ಮುಂಚೆ ಅದರಲ್ಲಿರುವ ಮೆಥನಾಲ್ ಮತ್ತು ಉಪ್ಪಿನ ಪ್ರಮಾಣ ಗೊತ್ತಿರಬೇಕು.

ಕ್ಯಾಲ್ಸಿಯಂ ಪ್ರೊಪಿಯೋನೇಟಿನಲ್ಲಿ ಐದನೇ ಒಂದು ಭಾಗ ಕ್ಯಾಲ್ಸಿಯಂ. ಹಿಂದಿನ ಸಲ ಹಾಲು ಜ್ವರ ಬಂದ ಎಮ್ಮೆಗೆ ಈದ ಕೂಡಲೇ ಇದನ್ನು ಧಾರಾಳ ನೀರಿನಲ್ಲಿ ಕದಡಿ ಕೊಡುವುದರಿಂದ ಎರಡು ಕೆಲಸ ಒಟ್ಟಿಗೆ ಆಗುತ್ತವೆ. ನೀರು ಬಹಳ ಇರುವುದರಿಂದ ಪಶುವೈದ್ಯರು ನಳಿಕೆಯಿಂದ ಹೊಟ್ಟೆಗೇ ಬಿಟ್ಟರೆ ಕ್ಷೇಮ. ಈಯುವ ಮುಂಚಿನ ವಾರಗಳಲ್ಲಿ ಕೊಡಬೇಡಿ, ಆಗ ಕ್ಯಾಲ್ಸಿಯಂ ಹೆಚ್ಚಾದರೆ ಹಾಲು ಜ್ವರಕ್ಕೆ ದಾರಿಯಾಗುತ್ತದೆ.

ಬೈಪಾಸ್ ಫ್ಯಾಟ್

ಕೊಬ್ಬಿನಲ್ಲಿ ಪಿಷ್ಟದ ಎರಡು ಪಟ್ಟಿಗೂ ಹೆಚ್ಚು ಶಕ್ತಿ. 150 ಗ್ರಾಂ ಬೈಪಾಸ್ ಫ್ಯಾಟ್ ಎಂದರೆ ಸುಮಾರು 400 ಗ್ರಾಂ ಮೆಕ್ಕೆಜೋಳದಷ್ಟು, ಹೊಟ್ಟೆ ಹುಳಿಯಾಗುವ ಭಯವಿಲ್ಲದೆ. ಸೆಕೆಯ ದಿನಗಳಲ್ಲಿ ಇನ್ನೊಂದು ಲಾಭ, ಕೊಬ್ಬು ಜೀರ್ಣವಾಗುವಾಗ ಮೈಯಲ್ಲಿ ಹುಟ್ಟುವ ಕಾವು ಕಡಿಮೆ. ಗಬ್ಬ ಉಳಿಸುವ ಪ್ರೊಜೆಸ್ಟರಾನ್ ಹಾರ್ಮೋನಿಗೆ ಮೂಲವಸ್ತುವಾದ ಕೊಲೆಸ್ಟರಾಲೂ ರಕ್ತದಲ್ಲಿ ಏರುತ್ತದೆ.

ಆದರೆ ಕೊಬ್ಬಿನಾಮ್ಲ ಗ್ಲೂಕೋಸ್ ಆಗುವುದಿಲ್ಲ. ಈದ ಮೊದಲ ವಾರ, ಮೈಯ ಕೊಬ್ಬೇ ಕರಗಿ ಲಿವರಿಗೆ ನುಗ್ಗುತ್ತಿರುವಾಗ, ಹೊರಗಿನಿಂದ ಇನ್ನಷ್ಟು ಕೊಬ್ಬು ಹಾಕುವುದರಲ್ಲಿ ಅರ್ಥ ಕಡಿಮೆ. ಕೆಲವು ಎಮ್ಮೆಗಳಲ್ಲಿ ಹಸಿವೂ ತಗ್ಗುತ್ತದೆ. ಎರಡನೇ ವಾರ ಹಸಿವು ಕುದುರಿದ ಮೇಲೆ ದಿನಕ್ಕೆ 50 ಗ್ರಾಂ ದಾಣಿಯಲ್ಲಿ ಕಲಸಿ ಶುರು ಮಾಡಿ, ವಾರದಲ್ಲಿ 100–150 ಗ್ರಾಂಗೆ ಏರಿಸಿ, 90–100 ದಿನದವರೆಗೆ ಕೊಡುವುದು ನನಗೆ ಸರಿ ಕಾಣುತ್ತದೆ. ಹಾಲಿನ ಲೀಟರಿಗೆ 10–15 ಗ್ರಾಂ ಎನ್ನುವುದು ಲೆಕ್ಕಕ್ಕೆ ಸುಲಭ.

ಮಾರುಕಟ್ಟೆಯಲ್ಲಿ ಎರಡು ಬಗೆ. ಕ್ಯಾಲ್ಸಿಯಂ ಲವಣದ ರೂಪದ್ದರಲ್ಲಿ ಕೊಬ್ಬು 84%ರ ಆಸುಪಾಸು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ. ಸಾಬೂನಿನಂಥ ವಾಸನೆ, ಮೊದಲ ದಿನಗಳಲ್ಲಿ ಎಮ್ಮೆ ಮುಖ ತಿರುಗಿಸುತ್ತದೆ. ಹೊಟ್ಟೆ ಹುಳಿಯಾಗಿದ್ದರೆ ಇದರ ರಕ್ಷಣೆಯೂ ಒಡೆಯುತ್ತದೆ. ಇನ್ನೊಂದು ಬಿಳಿ ಹರಳಿನಂಥದ್ದು, ಪಾಮಿಟಿಕ್ ಆಮ್ಲ ಹೆಚ್ಚಿರುವ, 99%ರಷ್ಟು ಕೊಬ್ಬಿನದು. ವಾಸನೆ ಕಡಿಮೆ, ಹಾಲಿನ ಕೊಬ್ಬು ಏರಿಸುವುದರಲ್ಲಿ ಮುಂದು. ಹಾಲನ್ನು ಕೊಬ್ಬಿನ ಅಂಶದ ಮೇಲೆ ಮಾರುವವರಿಗೆ ಇದೇ ಖರ್ಚು ಹೊರುತ್ತದೆ. ಆದರೆ ಬೆದೆಗಾಗಿ ಕೊಡುವವರು ಇಲ್ಲೇ ಎಡವುವುದು: ಆ ಶಕ್ತಿ ಬಕೆಟ್ಟಿಗೆ ಹೋಯಿತೇ, ಮೈಗೆ ಬಂತೇ? ಹಾಲು ಏರಿ ಮೈ ಇಳಿಯುತ್ತಲೇ ಇದ್ದರೆ ಪುಡಿಯ ಕೆಲಸ ಅರ್ಧವಾಯಿತು ಅಷ್ಟೆ. ಆಗ ಕ್ಯಾಲ್ಸಿಯಂ ಲವಣದ ಬಗೆಗೆ ಬದಲಿಸಿ ನೋಡಬಹುದು, ಇಲ್ಲವೇ ಮೇವಿನ ಗುಣಮಟ್ಟ ತಿದ್ದಬೇಕು.

ಎಣ್ಣೆ, ಹತ್ತಿಕಾಳು

ಬೈಪಾಸ್ ಫ್ಯಾಟ್ ಕೈಗೆಟುಕದವರು ಎಣ್ಣೆ ಹುಯ್ಯುತ್ತಾರೆ. ದಿನಕ್ಕೆ 100 ಮಿಲಿ ಆಸುಪಾಸು ದಾಣಿಯಲ್ಲಿ ಬೆರೆಸಿದರೆ ತೊಂದರೆಯಿಲ್ಲ. ಒಟ್ಟು ಆಹಾರದ ಒಣತೂಕದಲ್ಲಿ ಕೊಬ್ಬು 5–6% ದಾಟಿದರೆ, ನಾರು ಜೀರ್ಣಿಸುವ ಸೂಕ್ಷ್ಮಜೀವಿಗಳು ಸೊರಗುತ್ತವೆ, ತಿಂದ ಹುಲ್ಲು ಹಾಗೇ ಸಗಣಿಯಲ್ಲಿ ಬರುತ್ತದೆ. ಎಣ್ಣೆಗಿಂತ ಇಡೀ ಹತ್ತಿಕಾಳು ಮೇಲು. ಅದರಲ್ಲಿ ಐದನೇ ಒಂದು ಭಾಗದಷ್ಟು ಕೊಬ್ಬಿದೆ, ಪ್ರೋಟೀನ್ ಮತ್ತು ನಾರೂ ಇದೆ, ಎಣ್ಣೆ ಕಾಳಿನೊಳಗಿಂದ ನಿಧಾನಕ್ಕೆ ಬಿಡುಗಡೆಯಾಗುತ್ತದೆ. ದೊಡ್ಡ ಎಮ್ಮೆಗೆ ಕಿಲೋ ಒಂದೂವರೆ ಕಿಲೋ ಮಿತಿ. ಗಾಸಿಪಾಲ್ ಎಂಬ ವಿಷಾಂಶ ಇರುವುದರಿಂದ ಕರುಗಳಿಗೆ, ಹೋರಿಕೋಣಗಳಿಗೆ ಬೇಡ. ಬೂಷ್ಟು ಹಿಡಿದ ಕಾಳು ಯಾವುದಕ್ಕೂ ಬೇಡ, ಬೂಷ್ಟಿನ ಅಫ್ಲಾಟಾಕ್ಸಿನ್ ಎಂಬ ವಿಷ ಹಾಲಿಗೂ ಬರುತ್ತದೆ.

ಉಳಿದವು

ಲಿವರಿನಿಂದ ಕೊಬ್ಬು ಹೊರಸಾಗಲು ಕೋಲೀನ್ ಎಂಬ ಪೋಷಕಾಂಶ ಬೇಕು. ಕೊಬ್ಬಿದ ಎಮ್ಮೆಗಳಿಗೆ ಈಯುವ ಮೂರು ವಾರ ಮುಂಚಿನಿಂದ ಮೂರು ವಾರದ ನಂತರದವರೆಗೆ ಕೊಡುವುದುಂಟು. ಲೇಪನ ಮಾಡಿದ, ಹೊಟ್ಟೆಯಲ್ಲಿ ಒಡೆಯದ ರೂಪದ್ದೇ ಆಗಬೇಕು, ಸಾದಾ ಕೋಲೀನ್ ದೊಡ್ಡ ಹೊಟ್ಟೆಯಲ್ಲೇ ಹಾಳಾಗುತ್ತದೆ. ದುಬಾರಿ. ಮೊನೆನ್ಸಿನ್ ಹುದುಗುವಿಕೆಯನ್ನು ಪ್ರೊಪಿಯೋನೇಟಿನ ಕಡೆ ವಾಲಿಸುತ್ತದೆ, ಆದರೆ ಅದು ಔಷಧ. ಕೆಲವು ದೇಶಗಳಲ್ಲಿ ಅನುಮತಿಯಿಲ್ಲ, ಕುದುರೆಗೆ ಸಿಕ್ಕರೆ ಪ್ರಾಣಕ್ಕೆ ಅಪಾಯ. ಪಶುವೈದ್ಯರಿಲ್ಲದೆ ಮುಟ್ಟಬೇಡಿ. ಡೆಕ್ಸ್ಟ್ರೋಸ್ ಡ್ರಿಪ್ ಚಿಕಿತ್ಸೆ ಮಾತ್ರ. ರಕ್ತದ ಸಕ್ಕರೆ ಏರಿ ಕೆಲವೇ ಗಂಟೆಗಳಲ್ಲಿ ಇಳಿಯುತ್ತದೆ.

ನಿಮ್ಮ ಎಮ್ಮೆಗೆ ಯಾವುದು

ಆರೇಳು ಲೀಟರಿನ, ಮೈ 3ರ ಮೇಲಿರುವ ಎಮ್ಮೆಗೆ ಪೂರಕವೇ ಬೇಡ. ದಾಣಿಯನ್ನು ಸರಿಯಾದ ವೇಗದಲ್ಲಿ ಏರಿಸಿ, ಖನಿಜ ಮಿಶ್ರಣ ಕೊಡಿ. ಹನ್ನೆರಡು ಲೀಟರ್ ದಾಟುವ, ಈಯುವಾಗಲೇ 2.5ಕ್ಕೆ ಇಳಿದಿರುವ ಎಮ್ಮೆಗೆ ಮೊದಲ ಹತ್ತು ದಿನ ಗ್ಲೈಕಾಲ್, ಆಮೇಲೆ ಬೈಪಾಸ್ ಫ್ಯಾಟ್, ಎರಡೂ ಸಾರ್ಥಕ. ಒಂದಕ್ಕೆ ಮಾತ್ರ ದುಡ್ಡಿದ್ದರೆ? ಬಡಕಲು ಎಮ್ಮೆಗೆ ಬೈಪಾಸ್ ಫ್ಯಾಟ್, ಕೊಬ್ಬಿದ ಎಮ್ಮೆಗೆ ಗ್ಲೈಕಾಲ್. ಕೊಬ್ಬಿದ ಎಮ್ಮೆಯ ಮೈಯಲ್ಲಿ ಕ್ಯಾಲೊರಿ ಬೇಕಾದಷ್ಟಿದೆ, ಅದಕ್ಕೆ ಇಲ್ಲದಿರುವುದು ಗ್ಲೂಕೋಸ್.

ಚೊಚ್ಚಲ ಎಮ್ಮೆ ಹಾಲಿನ ಜೊತೆ ತಾನೂ ಬೆಳೆಯಬೇಕು, ದೊಡ್ಡ ಎಮ್ಮೆಗಳ ನಡುವೆ ಗೋದಲಿಗೆ ಮೂತಿ ಹಾಕಲೂ ಹೆದರುತ್ತದೆ. ಅದನ್ನು ಬೇರೆ ಕಟ್ಟಿ ಮೇಯಿಸುವುದಕ್ಕೆ ಖರ್ಚೇ ಇಲ್ಲ, ಫಲ ಮಾತ್ರ ಯಾವ ಡಬ್ಬಕ್ಕೂ ಕಡಿಮೆಯಲ್ಲ. ಹತ್ತಾರು ಎಮ್ಮೆಗಳಿದ್ದು ಕುಡಿಸಲು ಆಳಿಲ್ಲದ ಕಡೆ ಎಲ್ಲಕ್ಕೂ ಗ್ಲೈಕಾಲ್ ಆಗದ ಮಾತು. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ ಕಂಡವಕ್ಕೆ ಮಾತ್ರ ಕುಡಿಸಿ, ಉಳಿದವಕ್ಕೆ ದಾಣಿಯಲ್ಲೇ ಬೈಪಾಸ್ ಫ್ಯಾಟ್. ಕೈ ತೀರಾ ಬಿಗಿಯಿದ್ದರೆ ಮೆಕ್ಕೆಜೋಳದ ನುಚ್ಚು ಮತ್ತು ಹತ್ತಿಕಾಳು. ಇವೆರಡರಲ್ಲೇ ಮುಕ್ಕಾಲು ದಾರಿ ಕ್ರಮಿಸಬಹುದು.

ಮೈ 3ರಲ್ಲಿ ನಿಂತಿದೆ, ಮೇವು ಚೆನ್ನಾಗಿದೆ, ಆದರೂ 90 ದಿನಕ್ಕೆ ಬೆದೆ ಕಾಣದಿದ್ದರೆ ತೊಂದರೆ ಶಕ್ತಿಯದ್ದಲ್ಲ. ಮಾಸು ತಡೆದಿತ್ತೇ, ಲೋಳೆಯಲ್ಲಿ ಕೀವು ಇದೆಯೇ ಎಂದು ಪಶುವೈದ್ಯರಿಂದ ಗರ್ಭಕೋಶ ಪರೀಕ್ಷೆ ಮಾಡಿಸಿ. ರಂಜಕ, ತಾಮ್ರ, ಸತುವಿನ ಕೊರತೆ ಇದೆಯೇ ನೋಡಿ. ಎಮ್ಮೆಗಳಲ್ಲಿ ಮೂಕ ಬೆದೆ ಸಾಮಾನ್ಯ, ಕಾಣದೆ ಬಂದು ಹೋಗುತ್ತಿರಬಹುದು. ನಸುಕಿನಲ್ಲೂ ರಾತ್ರಿಯೂ ಒಮ್ಮೆ ಕೊಟ್ಟಿಗೆಗೆ ಹೋಗಿ ನೋಡಿ. ಹಗಲು ಉದ್ದವಾಗುವ ಸೆಕೆಗಾಲದಲ್ಲಿ ಈದಿದ್ದರೆ, ಹಗಲು ಕುಗ್ಗುವವರೆಗೆ ಬೆದೆ ಹಿಂದೆ ಬೀಳುವುದು ಎಮ್ಮೆಯ ಸ್ವಭಾವ. ಆಗ ನೆರಳು ಮತ್ತು ಮೈ ಮುಳುಗುವಷ್ಟು ನೀರಿಗೆ ಮೊದಲು ಖರ್ಚು ಮಾಡಿ.

ಕೊಡಲು ಶುರು ಮಾಡಿದವರು ಈದ ದಿನ, 30ನೇ ದಿನ ಮತ್ತು 60ನೇ ದಿನ ಮೈಯ ಅಂಕವನ್ನು ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. 30ರಿಂದ 60ರ ನಡುವೆ ಇಳಿಯುವುದು ನಿಂತಿದ್ದರೆ ಪ್ರಮಾಣ ಸರಿಯಿದೆ. ಇನ್ನೂ ಇಳಿಯುತ್ತಿದ್ದರೆ ಪುಡಿ ಹೆಚ್ಚಿಸುವ ಮುಂಚೆ ಮೇವು ತೂಗಿ ನೋಡಿ, ಎಮ್ಮೆ ದಿನಕ್ಕೆ ತನ್ನ ತೂಕದ 2.5–3%ರಷ್ಟು ಒಣತೂಕದ ಆಹಾರ ತಿನ್ನುತ್ತಿರಬೇಕು. ಗಬ್ಬ ಖಚಿತವಾಗಿ, ಮೈ 3ಕ್ಕೆ ಮರಳಿದ ಮೇಲೆ ಬೈಪಾಸ್ ಫ್ಯಾಟನ್ನು ವಾರದಲ್ಲಿ ಸ್ವಲ್ಪಸ್ವಲ್ಪವೇ ಇಳಿಸಿ ನಿಲ್ಲಿಸಬಹುದು.